ತಾಯಿಯಿಂದ ಬಂದದ್ದು

ಡೊಂಬಿವಲಿಯಲ್ಲೇ ಹುಟ್ಟಿ, ಅಲ್ಲೇ ಕಲಿತು, ಅಲ್ಲಿಗೇ ಸೊಸೆಯಾದ ನಳಿನಾಕ್ಷಿಗೆ ಊರೆಂದರೆ ಮೇ ತಿಂಗಳ ರಜೆ, ಅಷ್ಟೇ. ಆದರೂ ಒಂದು ಸಂಗತಿ ಬಾಯಿಪಾಠವಾಗಿತ್ತು: ತುಳುವರ ಕುಲದ ಹೆಸರು, ಅಂದರೆ ಬರಿ, ಮಕ್ಕಳಿಗೆ ಬರುವುದು ತಾಯಿಯಿಂದ.

ಅದೇ ಅವಳಿಗೆ ಮುಳುವಾಯಿತು. ೨೦೧೨ರಲ್ಲಿ ಆರು ವರ್ಷದ ಮಗಳು ಪ್ರೇಕ್ಷಾಳ ತೊಡೆಯ ಗಂಟು ಅಪರೂಪದ ಮೂಳೆ ಕ್ಯಾನ್ಸರ್ ಎಂದು ಗೊತ್ತಾಯಿತು. ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿವೆ ಎಂದಿತು ಪರೀಕ್ಷೆ. ಅತ್ತೆ ರತ್ನಾವತಿ ತೆಂಗಿನಕಾಯಿ ತುರಿಯುತ್ತಲೇ, "ರಕ್ತದಲ್ಲಿ ಬಂದದ್ದಾದ್ರೆ ಬರಿಯದ್ದೇ ಮಾರಾಯ್ತಿ. ನಿನ್ನ ತಾಯಿಮನೆ ದೈವಕ್ಕೆ ಏನೋ ಬಾಕಿ ಉಂಟು" ಎಂದರು. ಬೈದದ್ದಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ ಹೇಳಿದ್ದು. ನಳಿನಾಕ್ಷಿ ಮಾತ್ರ ಅದನ್ನು ನಂಬಿಬಿಟ್ಟಳು.

ಕೀಮೋ ಶುರುವಾಯಿತು. ಪ್ರತಿ ಸಲ ಮಗಳಿಗೆ ಮಾಸ್ಕ್ ಕಟ್ಟಿ, ಠಾಣೆಯಲ್ಲಿ ಗಾಡಿ ಬದಲಿಸಿ, ಖಾರಘರದ ಆಸ್ಪತ್ರೆಗೆ. ಕೆಂಪು ಮದ್ದು ನಳಿಕೆಯಲ್ಲಿ ಇಳಿಯುವಾಗ ಅವಳು ಮಗಳ ಮುಖ ನೋಡುತ್ತಿದ್ದಳು. ಹುಬ್ಬು ಉದುರಿತ್ತು. ಮೂಗು ಥೇಟ್ ತನ್ನದು. ನನ್ನಿಂದ ಇನ್ನೇನೇನು ಹೋಗಿದೆಯೋ ಎಂದುಕೊಂಡು ಕಣ್ಣು ತಪ್ಪಿಸುತ್ತಿದ್ದಳು.

ನಾಲ್ಕನೆಯ ಕೀಮೋಗೆ ಮುಂಚೆ, ಗಂಡ ಧರ್ಮಪಾಲನಿಗೂ ಹೇಳದೆ, ಮಗಳಿಗೂ ತನಗೂ ಉಡುಪಿಗೆ ಟಿಕೆಟ್ ತೆಗೆದಳು. ದೈವದೆದುರು ತಪ್ಪುಕಾಣಿಕೆ ಇಟ್ಟು ಬರುವುದೆಂದು.

"ಒಂದು ವಾರ ತಡ ಆದ್ರೆ ಆಗ್ತದಾ ಡಾಕ್ಟ್ರೇ?"

ಡಾಕ್ಟರಮ್ಮ ಧಾರವಾಡದ ಕಡೆಯವರು. "ಯಾಕ, ಜ್ವರ ಅದ ಏನು?"

"ಇಲ್ಲ. ಊರಿಗೆ ಹೋಗ್ಬೇಕು. ರೋಗ ನನ್ನ ಕಡೆಯಿಂದ ಬಂದದ್ದಲ್ವಾ..."

"ಯಾರ್ ಹೇಳಿದ್ರು ನಿಮಗ? ಆ ಜೀನ್ ಕೆಟ್ಟದ್ದು ಗಂಟಿನಾಗ ಅಷ್ಟ. ಹುಟ್ಟುವಾಗ ಇದ್ದದ್ದಲ್ಲ. ನೀವೂ ಕೊಟ್ಟಿಲ್ಲ, ನಿಮ್ಮ ಯಜಮಾನ್ರೂ ಕೊಟ್ಟಿಲ್ಲ. ಯಾವ ರೋಗ ಅಂತ ಖಾತ್ರಿ ಮಾಡ್ಕೊಳ್ಳಿಕ್ಕೆ ಅದನ್ನ ನೋಡಿದ್ದು. ಗಂಟು ಸಣ್ಣದಾಗ್ಲಿಕ್ಕತ್ತದ, ಈಗ ಬಿಟ್ಟು ಹೋಗ್ತೀರೇನು?"

ನಳಿನಾಕ್ಷಿ ಅದನ್ನೇ ಮೂರು ಸಲ ತಿರುಗಿಸಿ ಕೇಳಿದಳು. ಡಾಕ್ಟರಮ್ಮ ಮೂರು ಸಲವೂ ಅದನ್ನೇ ಹೇಳಿದರು. ಹೊರಗೆ ಬಂದು ಟಿಕೆಟ್ ರದ್ದು ಮಾಡಿದಳು.

ಮರುದಿನ ಮದ್ದು ಇಳಿಯುತ್ತಿರುವಾಗ ರತ್ನಾವತಿ ಬಿಸಿ ಗಂಜಿಯ ಡಬ್ಬಿ ಹಿಡಿದು ಬಂದರು. ಸೊಸೆ ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ಯಾರ ಬರಿಯದ್ದೂ ಅಲ್ವಾ?"

"ಅಲ್ಲ ಅತ್ತೆ."

"ಮತ್ತೆ ಎಲ್ಲಿಂದ ಬಂತು?"

"ಸುಮ್ಮನೆ ಬಂತಂತೆ."

"ಸುಮ್ಮನೆ ಬಂದದ್ದಕ್ಕೆ ಸುಮ್ಮನೆ ಹೋಗ್ಲಿಕ್ಕೆ ಏನು ದಾಡಿ?" ಎಂದು ರತ್ನಾವತಿ ಡಬ್ಬಿಯ ಮುಚ್ಚಳ ತೆಗೆದರು.

"ಮಮ್ಮಿ, ಅಚಾರ್ ಹೈ ಕ್ಯಾ?" ಪ್ರೇಕ್ಷಾ ಮೂಗು ಮುರಿದಳು.

"ಉಪ್ಪಿನಕಾಯಿ ಈಗ ಇಲ್ಲ. ಗಂಜಿ ಕುಡಿ."

ಮುರಿದ ಆ ಮೂಗು ಮಾತ್ರ ತನ್ನದೇ. ನಳಿನಾಕ್ಷಿ ಈಗ ಕಣ್ಣು ತಪ್ಪಿಸಲಿಲ್ಲ. ಚಮಚ ಅದ್ದಿ, ಊದಿ, ಬಾಯಿಗೆ ಹಿಡಿದಳು.