ಕೆಮ್ಮು ಬಂದರೆ ಮೊದಲು ಹೇಳಬೇಕು

ಕತ್ತರಿ ಮಾಮನ ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ತಲೆಯಲ್ಲಿ ಕತ್ತರಿಸಲು ಏನೂ ಉಳಿಯದ ನಮ್ಮಂಥವರು ಅವನ ಮಾತಿಗೆಂದೇ ಕಟಿಂಗ್ ಅಂಗಡಿಗೆ ಹೋಗುತ್ತಿದ್ದೆವು. ಅಂಥ ಮಾಮ ಈಗ ಮುಖದ ಮೇಲೆ ಹಸಿರು ಬಟ್ಟೆ ಹೊದ್ದು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು, ಹೋದ ತಿಂಗಳು ಸ್ವಂತ ಭಾವಮೈದುನನ ಅರ್ಧ ಮೀಸೆ ಎಗರಿಸಿದ್ದ. ಇದೂ ಕೈಕೊಟ್ಟರೆ ಅಂಗಡಿಗೆ ಬಾಗಿಲು ಹಾಕಬೇಕಿತ್ತು.

“ಹಯಲುರಾನಿಕ್ ಆಸಿಡ್ ಜೆಲ್, ಒಂದು ಸಿರಿಂಜ್,” ಸಿಸ್ಟರ್ ಡಬ್ಬಿ ನೋಡಿ ಓದಿದಳು.

ಬಟ್ಟೆಯಡಿಯಿಂದಲೇ ಮಾಮ ಕೇಳಿದ. “ಕಣ್ಣಿಗೆ ಆಸಿಡ್ಡೇನಮ್ಮಾ?”

“ಹೆಸರಿಗಷ್ಟೇ ಮಾಮಾ. ಸುಕ್ಕು ಹೋಗುತ್ತೆ ಅಂತ ನಮ್ಮನೆಯವರ ಮುಖಕ್ಕೆ ಸೀರಮ್ ಬಳಿದು ಕಳಿಸ್ತೀರಲ್ಲ, ಅದರ ಬಳಗವೇ. ಮಂಡಿ ಸವೆದೋರಿಗೂ ಚುಚ್ತಾರೆ.”

“ಸುಕ್ಕು ನಿಜವಾಗ್ಲೂ ಹೋಗುತ್ತಾ?”

“ಬಳಿಯೋರು ನೀವು, ನಮ್ಮನ್ನ ಕೇಳ್ತೀರಾ?” ಎಂದರು ಡಾಕ್ಟರಮ್ಮ. “ಇಲ್ಲಿ ಅದು ಕಣ್ಣೊಳಗಿನ ಜಾಗ ಕುಸೀದ ಹಾಗೆ ಹಿಡ್ಕೊಳ್ಳುತ್ತೆ. ಇನ್ನು ಮಾತು ಸಾಕು, ತಲೆ ಅಲುಗಿಸಬೇಡಿ. ಕೆಮ್ಮು ಬಂದರೆ ಮೊದಲು ಹೇಳಿ. ಹೇಳದೆ ಕೆಮ್ಮಿದ್ರೆ, ನನ್ನ ಕೈಲಿರೋದು ಒಳಗೆ ನಾಟುತ್ತೆ.”

ಹತ್ತು ನಿಮಿಷವಾಗಿರಬೇಕು. ಗಂಟಲಲ್ಲಿ ಇರುವೆ ಹರಿದಂತಾಯಿತು. ಮಾಮ ಉಗುಳು ನುಂಗಿದ. ಇರುವೆ ಬಂಧುಬಳಗವನ್ನೆಲ್ಲ ಕರೆತಂದಿತು. ಸೀನುವ ಮುಂಚೆ ಹೇಳದ ಗಿರಾಕಿಗೆ “ಮೂಗು ಹೋದರೆ ನನ್ನ ಕೇಳಬೇಡ್ರೀ” ಎಂದು ಗದರುತ್ತಿದ್ದವನು ಅವನೇ. ಈಗ ಹೇಳಲು ಬಾಯಿ ತೆರೆದರೆ ಮಾತಿಗಿಂತ ಮೊದಲು ಕೆಮ್ಮೇ ಹೊರಬೀಳುವುದು ಖಂಡಿತ. ಹಲ್ಲು ಕಚ್ಚಿದ. ಕಾಲ ಬೆರಳು ಮುದುಡಿದವು. ಪಕ್ಕದಲ್ಲಿ ಚಾಚಿದ್ದ ಬಲಗೈಯ ಎರಡು ಬೆರಳು ಮಾತ್ರ ತಮ್ಮಷ್ಟಕ್ಕೆ ತಾವೇ ಗಾಳಿಯನ್ನು ಕಚಕಚ ಕತ್ತರಿಸತೊಡಗಿದವು.

ಸಿಸ್ಟರ್ ಅದನ್ನು ಕಂಡಳು. “ಡಾಕ್ಟ್ರೇ, ನಿಲ್ಲಿಸಿ. ಮಾಮಂಗೆ ಏನೋ ಆಗ್ತಿದೆ.”

“ಜೆಲ್ ಕೊಡಿ,” ಎಂದಿತು ಬಟ್ಟೆಯಾಚೆಯ ದನಿ. ಕಣ್ಣೆದುರಿನ ಬೆಳಕು ತುಳುಕಿತು. “ತುಂಬಿದೀನಿ. ಕೈ ಹೊರಗಿದೆ. ಈಗ ಮೆಲ್ಲಗೆ ಕೆಮ್ಮಿ.”

ಮಾಮ ಬೆಕ್ಕಿನ ಮರಿಯಂತೆ ಒಮ್ಮೆ ಕೆಮ್ಮಿದ. ಬೆರಳ ಕತ್ತರಿ ನಿಂತಿತು.

“ಅಮ್ಮಾ, ಕಣ್ಣು ಇದೆಯಾ?”

“ಇದೆ. ಜೆಲ್ ಹಿಡ್ಕೊಂಡಿದೆ. ಸಿಸ್ಟರ್, ಲೆನ್ಸ್ ಕೊಡಿ.”

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಹೆಂಡತಿ ಎದುರು ನಿಂತು ಬೆರಳು ತೋರಿಸಿದಳು. “ಎಷ್ಟು ಹೇಳಿ?”

“ಮೂರು. ನಡುವಿನದರ ಉಗುರುಬಣ್ಣ ಎದ್ದುಹೋಗಿದೆ.”

“ಸರಿ, ಇನ್ನು ಮನೆಯ ಧೂಳೂ ಕಾಣುತ್ತೆ ನಿಮಗೆ,” ಎಂದು ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.