ಟಾಕೀಸಿನ ಗೋಡೆಯ ಮೇಲೆ ಅಮ್ಮನ ಹೆಸರು

ದೆವ್ವ, ಶಕುನ, ಸತ್ತವರು ಬಂದು ಮಾತಾಡಿಸಿದರು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡೂರಿನ ನಮ್ಮ ಮನೆಗೆ ಬಂದು ಇಂಥ ಕಥೆ ಬಿಟ್ಟವರನ್ನು ಕಾಫಿಯನ್ನೂ ಕೊಡದೆ ಸಾಗಹಾಕಿದ್ದುಂಟು. ಈಗ ನಾನೇ ಹೇಳಹೊರಟಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಹಟವೇನೂ ಇಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ತರೀಕೆರೆಯಲ್ಲಿ ಬಹಳ ಕಾಲ ಬೀಗ ಬಿದ್ದಿದ್ದ ಹಳೇ ಟಾಕೀಸೊಂದನ್ನು ಯಾರೋ ಪುಣ್ಯಾತ್ಮರು ಕೊಂಡು ದೊಡ್ಡ ಪುಸ್ತಕದಂಗಡಿ ಮಾಡಿದ್ದರು. ನೋಡಲೇಬೇಕೆಂದು ಮಗಳು ಪ್ರಾಣ ತಿಂದಳು. ಒಂದು ಭಾನುವಾರ ಮಧ್ಯಾಹ್ನ ಹೆಂಡತಿ, ಮಗಳು, ಅಮ್ಮ ಎಲ್ಲರನ್ನೂ ಕರೆದುಕೊಂಡು ಹೊರಟೆ. ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ನಾನು ಕಂಡಂತೆ ಅವಳು ಒಂದೇ ಒಂದು ಸಿನಿಮಾಕ್ಕೂ ಬಂದವಳಲ್ಲ. ಯಾಕೆಂದು ಕೇಳಿದರೆ "ತಲೆನೋವು ಬತ್ತೈತೆ" ಎಂದು ಮುಗಿಸುತ್ತಿದ್ದಳು. "ಈಗದು ಟಾಕೀಸಲ್ಲ ಕಣಜ್ಜಿ, ಬರೀ ಬುಕ್ಸು" ಎಂದು ಮಗಳು ಕೈಹಿಡಿದು ಎಳೆದ ಮೇಲೆ ಎದ್ದಳು.

ಅಂಗಡಿಯೇನೋ ಭರ್ಜರಿಯಾಗಿಯೇ ಇತ್ತು. ಬಾಲ್ಕನಿಯಲ್ಲಿ ಮಕ್ಕಳ ಪುಸ್ತಕ, ಕೆಳಗೆ ಬೆಂಚುಗಳಿದ್ದ ಜಾಗದಲ್ಲಿ ಆಳೆತ್ತರದ ಕಪಾಟುಗಳು. ಪರದೆ ಕಿತ್ತು ಗೋಡೆಗೆ ಸುಣ್ಣ ಹೊಡೆದು, ಅದರೆದುರಿಗೆ ಓದುವವರಿಗಾಗಿ ಹಳೇ ಕುರ್ಚಿಗಳನ್ನು ಹಾಕಿದ್ದರು. ಆದರೆ ಅಷ್ಟು ದೊಡ್ಡ ಜಾಗದಲ್ಲಿ ಗಿರಾಕಿಗಳೆಂದರೆ ನಾವೇ. ಸಾವಿನ ಮನೆಗೆ ಬಂದವರ ಹಾಗೆ ಎಲ್ಲರೂ ಪಿಸುಮಾತಿಗಿಳಿದಿದ್ದೆವು. ಅಮ್ಮ ಒಂದು ಕುರ್ಚಿಯಲ್ಲಿ ಗೋಡೆಯನ್ನೇ ನೋಡುತ್ತ ಸುಮ್ಮನೆ ಕೂತಳು. ನಾವು ಅವಳ ಹಿಂದೆಯೇ ನಿಂತಿದ್ದೆವು.

ಆಗ ಕರೆಂಟು ಹೋಯಿತು. ಕತ್ತಲಲ್ಲಿ ಗೋಡೆಯ ಮೇಲೆ ಕೈಬರಹದ ಬಿಳಿ ಅಕ್ಷರ ಮೂಡಿತು: 'ಬುಕ್ಕಾಂಬುಧಿ ಗೌರಿ ಬಾಗಿಲಿಗೆ ಬರಬೇಕು.'

ಹಿಂದೆ ನಮ್ಮ ಕಡೆಯ ಟಾಕೀಸುಗಳಲ್ಲಿ ಹೀಗೆ ಮಾಡುತ್ತಿದ್ದರು. ಯಾರಿಗಾದರೂ ಮನೆಯಿಂದ ತುರ್ತು ಸುದ್ದಿ ಬಂದರೆ ಗಾಜಿನ ಚೂರಿನ ಮೇಲೆ ಅವರ ಊರು, ಹೆಸರು ಬರೆದು ಸಿನಿಮಾದ ನಡುವೆ ತೋರಿಸುತ್ತಿದ್ದರು. ನೋಡಿದವರು ಎದೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು. ಅಂಗಡಿಯವರು ಆ ಹಳೇ ಪದ್ಧತಿಯನ್ನು ಮೋಜಿಗೆ ಇಟ್ಟುಕೊಂಡಿರಬೇಕು ಎಂದುಕೊಂಡೆ. ಕಾಕತಾಳೀಯವೆಂಬಂತೆ ಅಮ್ಮನ ಹೆಸರೂ ಗೌರಮ್ಮ, ತವರೂ ಬುಕ್ಕಾಂಬುಧಿ.

"ಅಮ್ಮಾ, ನಿನ್ನ ಕರೀತಾವ್ರೆ ನೋಡು, ಗೋಡೆ ಮೇಲೆ" ಎಂದು ನಕ್ಕೆ.

ಅಮ್ಮ ಮುಂದಕ್ಕೆ ಬಾಗಿದಳು. "ಎಲ್ಲೋ? ಯಾವೂರು ಅಂತ ಬರ್ದವ್ರೆ?"

"ಬುಕ್ಕಾಂಬುಧಿ ಗೌರಿ ಅಂತ."

ಅಯ್ಯೋ, ಆ ವಯಸ್ಸಿನಲ್ಲಿ ಅವಳು ಎದ್ದ ವೇಗವೇ! ಕಪಾಟು ತಡವುತ್ತ ಬಾಗಿಲಿಗೆ ಓಡಿದಳು. ನಾನು ಮತ್ತೆ ತಿರುಗುವಷ್ಟರಲ್ಲಿ ಅಕ್ಷರವಿಲ್ಲ. ದೀಪ ಬಂದಾಗ ಬರೀ ಸುಣ್ಣದ ಗೋಡೆ. "ಏನ್ರೀ ಅದು? ನಮಗೇನೂ ಕಾಣ್ಲಿಲ್ಲ. ಕರೆಂಟೇ ಇರಲಿಲ್ವಲ್ಲ?" ಎಂದಳು ಹೆಂಡತಿ. ಮಗಳೂ ಇಲ್ಲವೆಂದು ತಲೆಯಾಡಿಸಿದಳು. ಪ್ರೊಜೆಕ್ಟರನ್ನು ಯಾವತ್ತೋ ಗುಜರಿಗೆ ಹಾಕಿದ್ದಾರೆಂದು ಅಂಗಡಿಯವರು ಹೇಳಿದರು. ನಂಬದೆ ಮೇಲೆ ಹತ್ತಿ ನೋಡಿದೆ. ಆ ಕೋಣೆಯ ತುಂಬ ಪುಸ್ತಕದ ಬಂಡಲುಗಳಿದ್ದವು.

ಅಮ್ಮ ಹೊರಬಾಗಿಲ ಚೌಕಟ್ಟು ಹಿಡಿದು ರಸ್ತೆ ನೋಡುತ್ತ ನಿಂತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ನನಗೆ ಎಂದೂ ಹೇಳದ್ದನ್ನು ಅವಳು ಅಲ್ಲಿಯೇ ಹೇಳಿದಳು.

"ಮದ್ವೆಯಾಗಿ ತಿಂಗ್ಳಾಗಿತ್ತು ಕಣೋ. ನಿಮ್ಮಪ್ಪನ ಊರು ಲಕ್ಕವಳ್ಳಿಯಿಂದ, ಓದಕ್ಕೆ ಬರ್ದಿರೋ ಪಕ್ಕದ್ಮನೆ ಅಜ್ಜಿ ಜೊತೆ ಇಲ್ಲಿಗೇ ಪಿಚ್ಚರ್ ನೋಡಕ್ಕೆ ಬಂದಿದ್ದೆ. 'ಲಕ್ಕವಳ್ಳಿ ಗೌರಮ್ಮ' ಅಂತ ಬಂತು. ಯಾರೋ ವಯಸ್ಸಾದೋರು, ಪಾಪ, ಏನು ಕೆಟ್ಟ ಸುದ್ದಿಯೋ ಅಂದ್ಕೊಂಡೆ. ನಾನು ಬುಕ್ಕಾಂಬುಧಿ ಗೌರಿ ಅಲ್ವಾ? ಗಂಡನ ಊರು ಆಗ್ಲೇ ನನ್ನ ಹೆಸ್ರಿಗೆ ಅಂಟ್ಕೊಂಡೈತೆ ಅಂತ ಹೊಳೀಲೇ ಇಲ್ಲ. ಪಿಚ್ಚರ್ ಪೂರಾ ನೋಡಿ ಮನೆಗೆ ಹೋದೆ. ಅಷ್ಟೊತ್ತಿಗೆ ಬುಕ್ಕಾಂಬುಧೀಲಿ ನಮ್ಮವ್ವ, ಗೌರಿ ಬಂದ್ಲಾ, ಗೌರಿ ಬಂದ್ಲಾ ಅಂತ ಕೇಳ್ಕೊಂಡೇ ಹೋಗ್ಬಿಟ್ಟಿದ್ಲು."

ಮನೆಗೆ ಹೋಗೋಣ ಎಂದರೆ "ಇರೋ, ಬತ್ತಾಳೇನೋ" ಎಂದಳು. ಬೀದಿದೀಪ ಹತ್ತುವವರೆಗೂ ಅಲ್ಲಾಡಲಿಲ್ಲ. ಯಾರೂ ಬರಲಿಲ್ಲ.

ಬುದ್ಧಿಭ್ರಮೆಯೋ, ಕಣ್ಣಿನ ದೋಷವೋ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ನನಗೆ ಗೊತ್ತೇ ಇಲ್ಲದ ಸಂಗತಿ, ತಿದ್ದಿದ ಊರು, ತಿದ್ದಿದ ಹೆಸರು ನನ್ನ ಕಣ್ಣಿಗೆ ಹೇಗೆ ಬಂತು? ಇವತ್ತಿಗೂ ತಿಳಿಯುತ್ತಿಲ್ಲ.

ಅಮ್ಮನಿಗೆ ಆ ಅನುಮಾನವೇ ಇಲ್ಲ. ಅವಳ ಸಂಕಟ ಬೇರೆ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಕೈಯ ತುತ್ತನ್ನು ತಟ್ಟೆಗೆ ಬಿಟ್ಟು ನನ್ನ ಮುಖ ನೋಡುತ್ತಾಳೆ. "ನನ್ನ ಹೆತ್ತೋಳು ಕಣೋ ಅವ್ಳು. ನಾನೂ ಅದೇ ಗೋಡೆ ನೋಡ್ತಿದ್ದೆ. ನಂಗ್ಯಾಕೋ ಕಾಣ್ಸ್ಲಿಲ್ಲ?"