ಬೇಡವೆನ್ನುವ ಮೇಸ್ತ್ರಿ

ಕಾರು ರಿಪೇರಿಯವರಲ್ಲಿ ಕಣ್ಣು ನಂಬುವವರಿದ್ದಾರೆ, ಕೈ ನಂಬುವವರಿದ್ದಾರೆ. ಈ ಮೇಸ್ತ್ರಿ ನಂಬಿದ್ದು ಕಿವಿಯನ್ನು. ಓಡುತ್ತಿರುವ ಇಂಜಿನ್ನಿನ ಪಕ್ಕ ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ವಾಲಿಸಿ ನಿಂತರೆಂದರೆ ಎರಡೇ ನಿಮಿಷ. "ಮೂರನೇ ಬೇರಿಂಗ್ ಸವೆದಿದೆ" ಎಂದೋ "ಒಂದು ವಾಲ್ವ್ ಸಡಿಲ" ಎಂದೋ ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಮೂವತ್ತು ವರ್ಷದಲ್ಲಿ ಊರು ಅವರ ಸ್ವಂತ ಹೆಸರನ್ನು ಮರೆತು 'ಕಿವಿ ಮೇಸ್ತ್ರಿ' ಎಂದು ಕರೆಯತೊಡಗಿತು. ಹಳೆಯ ಗಾಡಿ ಕೊಳ್ಳುವವರು ಮೊದಲು ಅವರನ್ನು ಕರೆದೊಯ್ದು ತೋರಿಸುವುದು ವಾಡಿಕೆಯಾಯಿತು.

ಆ ಕಿವಿಯೇ ಎರಡು ವರ್ಷದಿಂದ ಕೈಕೊಟ್ಟಿತ್ತು.

ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಮಾತು. ಕೊನೆಗೆ ಉಳಿದದ್ದು ತಲೆಯೊಳಗೆ ಸದಾ ಗುಂಯ್‌ಗುಡುವ ಒಂದೇ ಸದ್ದು. ಅದು ಹೊರಗಿನದೋ ಒಳಗಿನದೋ ಅವರಿಗೇ ತಿಳಿಯುತ್ತಿರಲಿಲ್ಲ. ಎದುರು ನಿಂತು ಮಾತಾಡಿದವರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದರು. ಅರ್ಥವಾಗದಿದ್ದಲ್ಲಿ ನಕ್ಕು ತಲೆಯಾಡಿಸುತ್ತಿದ್ದರು. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ.

"ನಿಮ್ಮ ಜೊತೆ ಮಾತಾಡೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ಬಾರಿಸೋದೂ ಒಂದೇ ಅಂತ ಮೊದಲೆಲ್ಲ ತಮಾಷೆ ಮಾಡ್ತಿದ್ದೆ. ಈಗ ಹಾಗನ್ನೋಕೂ ಬಾಯಿ ಬರಲ್ಲ," ಎಂದಿದ್ದಳು ಆಕೆ ಒಮ್ಮೆ, ಅವರ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು. "ಡಾಕ್ಟ್ರಿಗೆ ತೋರ್ಸಿ. ಒಂದು ಮಿಷನ್ ಹಾಕ್ಕೊಳ್ಳಿ ರೀ."

"ಕಿವಿಗೆ ಮಿಷನ್ ಸಿಗಿಸ್ಕೊಂಡು ಹೋದ್ರೆ ನನ್ನನ್ನ ಯಾರು ಕರೀತಾರೆ? ನಾಳೆನೇ ಗ್ಯಾರೇಜಿಗೆ ಬೀಗ ಹಾಕ್ಬೇಕು."

ಬೀಗ ಹಾಕದೆ ಬದುಕುವ ಉಪಾಯವನ್ನು ಮೇಸ್ತ್ರಿ ತಾವಾಗಿ ಹುಡುಕಲಿಲ್ಲ, ಅದೇ ಒದಗಿ ಬಂತು. ಯಾವುದೋ ಗಾಡಿಯ ಮುಂದೆ ನಿಂತು, ಏನೂ ಕೇಳಿಸದೆ, ಹೆದರಿ "ಬೇಡ" ಎಂದುಬಿಟ್ಟಿದ್ದರು. ಕೊಳ್ಳಲು ಬಂದವನು ಎರಡು ಮಾತಾಡದೆ ಹೊರಟುಹೋದ. ಆಗ ಹೊಳೆಯಿತು: ಕೊಂಡ ಗಾಡಿ ಕೆಟ್ಟರೆ ನಾಳೆ ಬಂದು ಬೈಯುತ್ತಾರೆ, ಕೊಳ್ಳದ ಗಾಡಿಯ ಬಗ್ಗೆ ಯಾರೂ ಬಂದು ಕೇಳುವುದಿಲ್ಲ. ಅಲ್ಲಿಂದ ಮುಂದೆ ತೋರಿಸಿದ ಗಾಡಿಗೆಲ್ಲ ಬೇಡ. ಬೇಡ ಎಂದಷ್ಟೂ ಹೆಸರು ಏರಿತು. ಮೇಸ್ತ್ರಿ ಈಗ ಭಾರೀ ಕಟ್ಟುನಿಟ್ಟಂತೆ, ಅಂಥಿಂಥ ಗಾಡಿಗೆಲ್ಲ ಒಪ್ಪುವುದಿಲ್ಲವಂತೆ ಎಂದು ದೂರದ ಬೀದಿಯವರೂ ಹುಡುಕಿಕೊಂಡು ಬರತೊಡಗಿದರು. ಹೊರಗೆ ಬರಲು ತಡಕಾಡಿದಷ್ಟೂ ಕೆಸರಿನಲ್ಲಿ ಕಾಲು ಹೂತುಹೋದಂತಾಯಿತು.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಹಳೆಯ ಓಟದ ಕಾರೊಂದನ್ನು ಕೊಂಡು, ಬಿಡುವಿನಲ್ಲಿ ಬಿಚ್ಚಿ ಜೋಡಿಸಿ, ಮತ್ತೆ ಹೊಸದರಂತೆ ಮಾಡಬೇಕೆಂಬುದು ಅವರ ಬಹುದಿನದ ಹಂಬಲ. ಆ ವರ್ಷ ಮೂರು ಕಾರು ತೋರಿಸಿದ್ದರು, ಮೂರಕ್ಕೂ ಮೇಸ್ತ್ರಿ ಬೇಡವೆಂದಿದ್ದರು. ಇದು ನಾಲ್ಕನೆಯದು.

ಕಾರಿನ ಒಡತಿ ಎಪ್ಪತ್ತು ದಾಟಿದ ಹೆಂಗಸು. ಹರೆಯದಲ್ಲಿ ಅದೇ ಕಾರನ್ನು ಪಂದ್ಯಗಳಲ್ಲಿ ತಾನೇ ಓಡಿಸಿದವಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಸರಿಸಿದಾಗ ಮೇಸ್ತ್ರಿ ತಾವಾಗಿಯೇ ಎರಡು ಹೆಜ್ಜೆ ಮುಂದೆ ಹೋದರು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಬೆಕ್ಕಿನಂಥ ಮೈ. ಕೆಂಪು ಬಣ್ಣ ಇಟ್ಟಿಗೆಪುಡಿಯಂತೆ ಮಾಸಿತ್ತು.

ಕೈಗೂ ಕಣ್ಣಿಗೂ ದಕ್ಕುವ ಕೆಲಸವನ್ನು ಅವರು ಮನಸಾರೆ ಮಾಡಿದರು. ಸಣ್ಣ ಅಯಸ್ಕಾಂತವನ್ನು ಮೈತುಂಬ ಆಡಿಸಿದರು. ಎಲ್ಲಿಯೂ ಜಾರಲಿಲ್ಲ, ಅಂದರೆ ತೂತು ಮುಚ್ಚಲು ಪುಟ್ಟಿ ಮೆತ್ತಿರಲಿಲ್ಲ. ಬಾಗಿಲ ಸಂದುಗಳು ಎರಡೂ ಕಡೆ ಒಂದೇ ಸಮ. ಕಾಲಡಿಯ ಚಾಪೆ ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಬಲಗಡೆ ತಗಡು ಬಿಸ್ಕತ್ತಿನಂತೆ ಮುರಿಯಿತು; ಅಷ್ಟು ಜಾಗ ಕತ್ತರಿಸಿ ಹೊಸ ತಗಡು ಹಾಕಿದರಾಯಿತು. ಕೆಳಗೆ ತೂರಿ ಚಾಸಿಸ್ಸಿನ ಉದ್ದಕ್ಕೂ ಬೆರಳಾಡಿಸಿದರು. ಎಲ್ಲೂ ಬಾಗಿಲ್ಲ, ಬಿರುಕಿಲ್ಲ. ಇಂಜಿನ್ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಅದೂ ಶುದ್ಧವಾಗಿತ್ತು.

ಅವರು ಕೆಳಗಿದ್ದಾಗ ಒಡತಿ ಮೂರು ಸಲ ಕರೆದು ಟೀ ಬೇಕೇ ಎಂದು ಕೇಳಿದ್ದಳು. ಮೇಸ್ತ್ರಿ ಉತ್ತರ ಕೊಟ್ಟಿರಲಿಲ್ಲ. ಆಕೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು.

"ಇನ್ನು ನಿಮ್ಮ ಕಿವಿ ಇಡಿ ಮೇಸ್ತ್ರಿ," ಎಂದು ಡಾಕ್ಟರು ಉತ್ಸಾಹದಿಂದ ಕೈ ಉಜ್ಜಿಕೊಂಡರು. ಅಷ್ಟರಲ್ಲಿ ಅವರ ಕ್ಲಿನಿಕ್ಕಿನಿಂದ ಫೋನ್ ಬಂದು ಅಂಗಳದಾಚೆ ಹೋದರು.

ಒಡತಿ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದಳು. ಮೇಸ್ತ್ರಿ ತೆರೆದ ಬಾನೆಟ್ಟಿನ ಪಕ್ಕ ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ತಲೆ ವಾಲಿಸಿದರು. ತಲೆಯೊಳಗೆ ಅದೇ ಗುಂಯ್. ಲೆಕ್ಕ ಹಾಕಿದಂತೆ ನಿಧಾನವಾಗಿ ತಲೆದೂಗಿದರು. ಹುಬ್ಬು ಗಂಟಿಕ್ಕಿದರು. ಮತ್ತೆ ತಲೆದೂಗಿದರು. ಕಣ್ಣು ತೆರೆದಾಗ ಮೂಗಿನ ಮುಂದೆ ರೇಡಿಯೇಟರಿನ ಫ್ಯಾನು ಅಲುಗಾಡದೆ ನಿಂತಿತ್ತು.

ಅದು ನಿಂತು ಎಷ್ಟು ಹೊತ್ತಾಗಿತ್ತೋ! ತಲೆ ಎತ್ತಿದರು. ಗಾಜಿನಾಚೆ ಒಡತಿ ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದು ಅವರನ್ನೇ ನೋಡುತ್ತಿದ್ದಳು.

ಆಕೆ ಇಳಿದು ಎದುರಿಗೆ ಬಂದು, ತುಟಿ ಸ್ಪಷ್ಟವಾಗಿ ಕಾಣುವಂತೆ ನಿಧಾನವಾಗಿ ಕೇಳಿದಳು: "ಎಷ್ಟು ದಿನ ಆಯ್ತು?"

"ಎರಡು ವರ್ಷ, ಅಮ್ಮಾ."

"ಇದಕ್ಕೂ ಬೇಡ ಅಂತೀರಾ?"

"ಒಳ್ಳೇ ಗಾಡಿ ಅನ್ಸುತ್ತೆ. ಆದ್ರೆ ಇಂಜಿನ್ ಹೇಗಿದೆಯೋ ನನಗೆ ಗೊತ್ತಿಲ್ಲ. ಬೇಕು ಅಂತ ಹೇಗೆ ಹೇಳ್ಲಿ?"

"ಹಾಗಾದ್ರೆ ಬೇಡ ಅಂತ ಹೇಗೆ ಹೇಳ್ತೀರಿ?"

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಡಾಕ್ಟರು ಓಡುತ್ತಾ ಬಂದರು. "ಏನನ್ಸುತ್ತೆ ಮೇಸ್ತ್ರಿ?"

ನಿಜ ಹೇಳಬೇಕೆಂದೇ ಅವರು ಬಾಯಿ ತೆರೆದದ್ದು. ಆದರೆ ಎರಡು ವರ್ಷದ ರೂಢಿ ಮೊದಲು ಮಾತಾಡಿತು: "ಬೇಡ ಡಾಕ್ಟ್ರೇ."

ಒಡತಿ ಅವರನ್ನು ಬಯಲಿಗೆಳೆಯಲಿಲ್ಲ. ಟಾರ್ಪಾಲಿನ ತುದಿ ಹಿಡಿದು ಕಾರಿನ ಮೇಲೆ ಎಳೆದಳು. ಆಕೆ ಬೈದಿದ್ದರೆ ವಾಸಿಯಾಗಿತ್ತು ಎನ್ನಿಸಿತು ಮೇಸ್ತ್ರಿಗೆ.

ಹಿಂತಿರುಗುವಾಗ ಡಾಕ್ಟರು ಕಾರು ಓಡಿಸುತ್ತಾ ರಸ್ತೆ ನೋಡಿಕೊಂಡೇ ಮಾತಾಡುತ್ತಿದ್ದರು. ಪಕ್ಕದಲ್ಲಿ ಕೂತ ಮೇಸ್ತ್ರಿಗೆ ತುಟಿ ಕಾಣುತ್ತಿರಲಿಲ್ಲ. ಬಾಗಿಲು ತೆರೆದು ಹಾರಿಬಿಡೋಣ ಎನ್ನಿಸುವಷ್ಟು ಇಕ್ಕಟ್ಟು. ಅಂದಾಜಿನ ಮೇಲೆ ನಕ್ಕರು. "ಒಳ್ಳೇದೇ ಆಯ್ತು ಬಿಡಿ," ಎಂದರು.

ಡಾಕ್ಟರು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಅವರತ್ತ ತಿರುಗಿದರು. "ನನ್ನ ಪೇಷೆಂಟು ಕುರ್ಚಿಯಿಂದ ಬಿದ್ದು ತಲೆ ಒಡ್ಕೊಂಡ್ರು ಅಂದೆ. ಅದರಲ್ಲಿ ಒಳ್ಳೇದೇನಿದೆ ಮೇಸ್ತ್ರಿ?"

ಆಮೇಲೆ ಅಡಗಿಸುವುದಕ್ಕೆ ಏನೂ ಉಳಿಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟರು.

"ಅಂದ್ರೆ ಆ ಮೂರು ಕಾರು?" ಎಂದರು ಡಾಕ್ಟರು ಕೊನೆಗೆ.

"ಚೆನ್ನಾಗಿದ್ವೋ ಇಲ್ವೋ, ಗೊತ್ತಿಲ್ಲ."

ಡಾಕ್ಟರು ಗಾಡಿ ಮುಂದಕ್ಕೆ ಬಿಟ್ಟರು. ಗ್ಯಾರೇಜಿನ ಮುಂದೆ ಇಳಿಸಿ ಹೋದರು.

ಎಂಟು ದಿನ ಮೇಸ್ತ್ರಿ ಪ್ರತಿಯೊಬ್ಬ ಗಿರಾಕಿಯ ಮುಖವನ್ನೂ ದಿಟ್ಟಿಸಿ ನೋಡಿದರು. ಇವನಿಗೆ ಗೊತ್ತಾಗಿದೆಯೇ? ಇವನಿಗೆ? ಯಾರಿಗೂ ಗೊತ್ತಾಗಿರಲಿಲ್ಲ. ಅದರಿಂದ ನೆಮ್ಮದಿಯೂ ಆಗಲಿಲ್ಲ. ಒಂಬತ್ತನೆಯ ದಿನ ಲಾರಿಯೊಂದು ಬಂದು ಆ ಕೆಂಪು ಕಾರನ್ನು ಗ್ಯಾರೇಜಿನಲ್ಲಿ ಇಳಿಸಿತು. ಹಿಂದೆಯೇ ಡಾಕ್ಟರು ಬಂದರು.

"ಬೇರೊಬ್ಬರಿಗೆ ತೋರಿಸ್ದೆ. ಇಂಜಿನ್ ಗಟ್ಟಿಯಾಗಿದೆಯಂತೆ. ಅದನ್ನ ಅವರೇ ನೋಡ್ಕೋತಾರೆ. ತಗಡಿನ ಕೆಲಸ ನಿಮ್ದು." ಮುಖ ಎದುರಿಗಿಟ್ಟು ಹೇಳಿದರು: "ಇನ್ನು ಮೇಲೆ ಯಾರಿಗೂ ಗಾಡಿ ನೋಡೋಕೆ ಹೋಗ್ಬೇಡಿ. ಹೋದ್ರೆ ನಾನು ಸುಮ್ನಿರಲ್ಲ. ಕಿವಿ ಡಾಕ್ಟ್ರು ನನ್ನ ಸ್ನೇಹಿತ, ನಾಳೆ ಬರ್ತೀರಿ ಅಂತ ಹೇಳಿದೀನಿ."

ಹೆಂಡತಿ ಮರುದಿನ ಅವರಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಮಿಷನ್ ಬಂತು. ಮಾತು ಕೇಳಿಸಿತು; ಇಂಜಿನ್ ಮಾತ್ರ ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಕೇಳುತ್ತಿತ್ತು. ಗಾಡಿ ನೋಡಲು ಕರೆದವರಿಗೆ ಬರುವುದಿಲ್ಲ ಎಂದರು. ಮೇಸ್ತ್ರಿಗೆ ದೊಡ್ಡಸ್ತಿಕೆ ಬಂದಿದೆ ಎಂದು ಜನ ಆಡಿಕೊಂಡರು. ಕೂದಲನ್ನು ಮಿಷನ್ನಿನ ಮೇಲೆ ಬಾಚಿಕೊಂಡಿದ್ದರಿಂದ ಯಾರಿಗೂ ಕಾಣಿಸುತ್ತಿರಲಿಲ್ಲ. ಕಾಣಲಿ ಎಂದು ಒಮ್ಮೊಮ್ಮೆ ಅನ್ನಿಸಿದರೂ ಕೈ ತಾನಾಗಿಯೇ ಕೂದಲು ಸರಿಮಾಡುತ್ತಿತ್ತು.

ಆರು ತಿಂಗಳ ಮೇಲೆ ಹೊಸ ನೆಲ, ಹೊಸ ಬಣ್ಣದೊಂದಿಗೆ ಕಾರು ಬೀದಿಗಿಳಿಯಿತು. ಒಡತಿಯೂ ಬಂದಿದ್ದಳು. ಡಾಕ್ಟರು ಇಂಜಿನ್ ಚಾಲೂ ಮಾಡಿದಾಗ ನೆರೆದವರಲ್ಲಿ ಯಾರೋ ಕೂಗಿದರು: "ಕಿವಿ ಮೇಸ್ತ್ರಿ ಏನಂತಾರೆ?"

ಎಲ್ಲರೂ ಅವರತ್ತ ತಿರುಗಿದರು.

"ಇಂಜಿನ್ ವಿಷಯ ನನ್ನನ್ನ ಕೇಳ್ಬೇಡಿ, ನನಗೆ ಕೇಳ್ಸಲ್ಲ," ಎಂದರು ಮೇಸ್ತ್ರಿ. "ತಗಡಿನ ಬಗ್ಗೆ ಕೇಳಿ, ಹೇಳ್ತೀನಿ."

ಜನ ಗೊಳ್ಳೆಂದು ನಕ್ಕರು. ಎಂಥಾ ತಮಾಷೆ ಮನುಷ್ಯ, ಎಷ್ಟು ವಿನಯ ಎಂದು ಒಬ್ಬ ಬೆನ್ನು ತಟ್ಟಿದ. ನಗದಿದ್ದವರು ಡಾಕ್ಟರು, ಒಡತಿ ಇಬ್ಬರೇ. ಮೇಸ್ತ್ರಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಜನ ಇನ್ನೂ ಜೋರಾಗಿ ನಕ್ಕರು.